ಲೀಲಾಕ್ಷಿಯಮ್ಮನ ‘ಟೀ ಕೊಂಡೋ’ ಪ್ರಸಂಗ

“ಅಮ್ಮುವಿನ ಮೈಗೆ ಯಾರ ಕಾಲಾದ್ರೂ ತಾಗ್ಬೇಕಾದ್ರೆ ಅದು ಮೊದಲು ಈ ಲೀಲಾಕ್ಷಿಯನ್ನು ದಾಟಿ ಹೋಗ್ಬೇಕು! ತಿಳೀತಾ?”

ಈ ಘೋರ ಪ್ರತಿಜ್ಞೆ ನಡೆದದ್ದು ಯಕ್ಷಗಾನದ ರಂಗಸ್ಥಳದಲ್ಲಿ ಅಲ್ಲ, ಬಹರೈನಿನ ಜುಫೈರಿನಲ್ಲಿ, ಹನ್ನೊಂದನೆಯ ಮಹಡಿಯ ಅಡುಗೆಕೋಣೆಯಲ್ಲಿ. ಪ್ರತಿಜ್ಞೆ ಮಾಡಿದವರ ಕೈಯಲ್ಲಿ ಗದೆ ಇರಲಿಲ್ಲ, ದೋಸೆ ಮಗುಚುವ ಸಟ್ಟುಗ ಇತ್ತು. ಎದುರು ನಿಂತವಳು ಸೊಸೆ ಪೂಜಿತಾ. ಸೀಫ್ ಬಡಾವಣೆಯ ಬ್ಯಾಂಕಿಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಒಂದು ಕಿವಿಗೆ ಮಾತ್ರ ಓಲೆ ಹಾಕಿಕೊಂಡು, ಇನ್ನೊಂದನ್ನು ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಲೀಲಾಕ್ಷಿಯಮ್ಮ ಮಗನ ಮನೆಗೆಂದು ಬಹರೈನಿಗೆ ಬಂದಿದ್ದರು. ಮಗ ರಜತನಿಗೆ ವಾರವಿಡೀ ಸೇತುವೆಯಾಚೆ ಸೌದಿಯಲ್ಲಿ ಕೆಲಸ. ಹಾಗಾಗಿ ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ, ಸೊಸೆ, ಮೂರನೇ ಕ್ಲಾಸಿನ ಮೊಮ್ಮಗಳು ಅಮ್ಮು, ಮತ್ತೆ ಲೀಲಾಕ್ಷಿಯಮ್ಮನ ಹೆದರಿಕೆ. ಮನೆಯಲ್ಲಿ ಹೆಚ್ಚು ಜಾಗ ಹಿಡಿಯುತ್ತಿದ್ದದ್ದು ಈ ಹೆದರಿಕೆಯೇ! ಲಿಫ್ಟು ಅರ್ಧಕ್ಕೆ ನಿಂತರೆ? ಬಾಲ್ಕನಿಯ ಗಾಜು ಸಡಿಲವಾದರೆ? ಏಸಿಯ ಗಾಳಿ ಮಗುವಿನ ನೆತ್ತಿಗೆ ಇಳಿದರೆ? ಇಷ್ಟೆಲ್ಲ ಸಾಲದ್ದಕ್ಕೆ ಈಗ ಇದೊಂದು!

ಪೂಜಿತಾ ಹಿಂದಿನ ದಿನ ಸಂಜೆ ವಿಷಯ ಎತ್ತಿದಾಗ ಲೀಲಾಕ್ಷಿಯಮ್ಮನಿಗೆ ಅದರ ಭೀಕರತೆ ಗೊತ್ತಾಗಿರಲಿಲ್ಲ.

“ಅಮ್ಮುವನ್ನು ಟೇಕ್ವಾಂಡೋಗೆ ಹಾಕುವ ಅಂತ ಅತ್ತೆ.”

“ಟೀ ಕೊಂಡೋ? ಟೀ ಕೊಂಡೋಗ್ಲಿಕ್ಕೆ ಕ್ಲಾಸು ಎಂತಕ್ಕೆ ಮಾರಾಯ್ತಿ? ನಾನೇ ಕಲಿಸ್ತೇನೆ. ತಟ್ಟೆ ನೆಟ್ಟಗೆ ಹಿಡಿದ್ರೆ ಆಯ್ತಲ್ಲ!”

ಪೂಜಿತಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಬಿಳಿ ಬಟ್ಟೆ ಹಾಕಿದ ಒಂದು ಹುಡುಗಿ ಹಾರಿ, ಗಾಳಿಯಲ್ಲೇ ತಿರುಗಿ, ಇನ್ನೊಬ್ಬಳ ಕಿವಿಯ ಹತ್ತಿರಕ್ಕೆ ಕಾಲು ಬೀಸಿದಳು. ಲೀಲಾಕ್ಷಿಯಮ್ಮನ ಕೈಯಲ್ಲಿದ್ದ ಟೀ ಅರ್ಧ ಸೀರೆಗೆ ಹೋಯಿತು.

ಪೂಜಿತಾಳದ್ದೂ ತಪ್ಪು ಅನ್ನುವಂತಿಲ್ಲ. ಅಮ್ಮುವಿನ ಸ್ವರ ಫ್ರಿಜ್ಜಿನ ಸ್ವರಕ್ಕಿಂತ ಸಣ್ಣದು. ಶಾಲೆಯ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗಿ ದಿನವೂ ಇವಳ ಡಬ್ಬಿಯ ಚಕ್ಕುಲಿ ತಿನ್ನುತ್ತಾಳೆ. ಇವಳು ಬೇಡ ಅನ್ನುವುದು ಹಾಗಿರಲಿ, ಮುಚ್ಚಳವನ್ನೂ ತಾನೇ ತೆಗೆದುಕೊಡುತ್ತಾಳೆ!

“ಎದುರು ಮಾತಾಡಿದ ಮಗುವೇ ಅಲ್ಲ ಅದು! ಎಷ್ಟು ದೋಸೆ ಹಾಕಿದ್ರೂ ತಿಂತದೆ,” ಎಂದು ಆ ಬೆಳಿಗ್ಗೆ ಲೀಲಾಕ್ಷಿಯಮ್ಮ ಸಟ್ಟುಗ ಆಡಿಸುತ್ತಾ ಹೆಮ್ಮೆಪಟ್ಟರು.

“ಅದೇ ಅತ್ತೆ ತೊಂದರೆ! ಹೊಟ್ಟೆ ನೋವಾದ್ರೂ ಸಾಕು ಅನ್ಲಿಕ್ಕೆ ಬರುದಿಲ್ಲ ಅವಳಿಗೆ. ನಾಳೆ ಹೊಸಬರಿಗೆ ಪರಿಚಯದ ಕ್ಲಾಸು, ಅಷ್ಟೇ. ನೋಡ್ಲಿ. ಸೇರ್ಬೇಕಾ ಬೇಡ್ವಾ ಅಂತ ಅವಳೇ ಬಾಯಿ ಬಿಟ್ಟು ಹೇಳ್ಲಿ. ನಾನೂ ಒತ್ತಾಯ ಮಾಡುದಿಲ್ಲ, ನೀವೂ ಮಾಡ್ಬಾರ್ದು.”

“ಆಗ್ಬಹುದು,” ಎಂದರು ಲೀಲಾಕ್ಷಿಯಮ್ಮ. ಒತ್ತಾಯ ಏಕೆ ಮಾಡಬೇಕು? ಆ ಒದೆತದ ಅಂಗಡಿಯನ್ನು ಕಣ್ಣಾರೆ ಕಂಡರೆ ಮಗು ತಾನೇ ಅಳುತ್ತಾ ಓಡಿ ಬರುತ್ತದೆ. ಆಗ ಎತ್ತಿಕೊಳ್ಳಲು ಅಜ್ಜಿ ಹತ್ತಿರ ಇರಬೇಕು, ಅಷ್ಟೆ. ಪೂಜಿತಾ ಆಫೀಸಿನಿಂದ ಬರುವುದು ತಡ. ಆದ್ದರಿಂದ ಮಗುವನ್ನು ಕರೆದುಕೊಂಡು ಹೋಗುವ ಭಾರವನ್ನು ಲೀಲಾಕ್ಷಿಯಮ್ಮ ತಾವೇ ಹೊತ್ತುಕೊಂಡರು.

ಮರುದಿನ ಮಧ್ಯಾಹ್ನವೇ ಯುದ್ಧದ ಸಿದ್ಧತೆ ಶುರು! ಚೀಲಕ್ಕೆ ನೋವಿನೆಣ್ಣೆ, ಅರಸಿನ ಪುಡಿ, ಹತ್ತಿ, ಗ್ಲೂಕೋಸು. ಆದರೆ ಪೆಟ್ಟು ಬಿದ್ದ ಮೇಲೆ ಎಣ್ಣೆ ಹಚ್ಚಿ ಏನು ಫಲ? ಬೀಳುವ ಮೊದಲೇ ತಡೆಯಬೇಡವೇ? ಲೀಲಾಕ್ಷಿಯಮ್ಮ ಕಪಾಟಿನಿಂದ ಮೈ ಒರೆಸುವ ದೊಡ್ಡ ಬೈರಾಸು ತೆಗೆದು ಅಮ್ಮುವಿನ ಹೊಟ್ಟೆಗೆ ಬಿಗಿಯಾಗಿ ಸುತ್ತಿದರು. ಮೇಲಿನಿಂದ ಟೀ ಶರ್ಟು ಎಳೆದರು.

“ಉಸಿರಾಡ್ಲಿಕ್ಕೆ ಆಗ್ತದಾ ಮಗಾ?”

ಅಮ್ಮು ತಲೆಯಾಡಿಸಿತು. ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ತಿಳಿಯಲಿಲ್ಲ.

ಕೆಳಗಿನ ಮಹಡಿಯ ಫೆಲ್ಸಿ, ಲೀಲಾಕ್ಷಿಯಮ್ಮ ಮರ್ಯಾದೆಯಿಂದ ಕರೆಯುವ ‘ಫೆಲ್ಸಿ ಬಾಯಿ’, ಕಾರಿನಲ್ಲಿ ಕಾಯುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಪಕ್ಕದಲ್ಲಿ ಕೂತಿದ್ದ ಮಗಳು ರೋಶೆಲ್ ಆ ಕ್ಲಾಸಿನಲ್ಲಿ ಆಗಲೇ ಹಸಿರು ಬೆಲ್ಟು.

“ಅಮ್ಮು ಇದೆಂತ ಒಂದೇ ದಿನದಲ್ಲಿ ಇಷ್ಟು ದಪ್ಪ ಆದದ್ದು ಆಂಟಿ?”

“ಗಾಳಿ,” ಎಂದರು ಲೀಲಾಕ್ಷಿಯಮ್ಮ. “ಫೆಲ್ಸಿ ಬಾಯಿ, ನಿಮ್ಮ ಆಸ್ಪತ್ರೆಯಲ್ಲಿ ಇವತ್ತು ಎಲುಬಿನ ಡಾಕ್ಟ್ರು ಇದ್ದಾರಾ?”

ಕ್ಲಾಸು ಇದ್ದದ್ದು ಒಂದು ಕೋಲ್ಡ್ ಸ್ಟೋರಿನ, ಅಂದರೆ ಇಲ್ಲಿಯ ಕಿರಾಣಿ ಅಂಗಡಿಯ, ಮೇಲಿನ ದೊಡ್ಡ ಹಾಲ್‌ನಲ್ಲಿ. ಪಾರ್ಕಿಂಗ್ ಸಿಗದೆ ಫೆಲ್ಸಿ ಮೂವರನ್ನೂ ಬಾಗಿಲಲ್ಲಿ ಇಳಿಸಿ, ಜಾಗ ಹುಡುಕುತ್ತಾ ಹೋದಳು. ಆಮೇಲೆ ನಡೆದ ಅನಾಹುತಕ್ಕೆಲ್ಲ ಜುಫೈರಿನ ಪಾರ್ಕಿಂಗೇ ಕಾರಣ ಎಂದು ಲೀಲಾಕ್ಷಿಯಮ್ಮ ಇಂದಿಗೂ ಸಾಧಿಸುತ್ತಾರೆ!

ನೆಲಕ್ಕೆಲ್ಲ ಕೆಂಪು, ನೀಲಿ ಚಾಪೆ. ಹೊಸ ಮಕ್ಕಳು ಒಂದು ಸಾಲಿನಲ್ಲಿ ನಿಂತರು. ಅವರ ಬೆನ್ನ ಹಿಂದೆ ಹೆತ್ತವರ ಬೆಂಚು. ಎದುರಿಗೆ ಸೊಂಟಕ್ಕೆ ಕಪ್ಪು ಬೆಲ್ಟು ಬಿಗಿದ ಮಾಸ್ಟ್ರು ನೌಫಲ್. ಸಪೂರ ಆಳು, ನಗುಮುಖ. ಹಿಂದಿ, ಇಂಗ್ಲಿಷ್ ಕಲಸಿ ಅವನು ಪರಿಚಯ ಮಾಡಿಕೊಟ್ಟ. ಲೀಲಾಕ್ಷಿಯಮ್ಮ ಹಿಂದಿಯಷ್ಟನ್ನು ಹಿಡಿದುಕೊಂಡು ಇಂಗ್ಲಿಷನ್ನು ಊಹಿಸಿಕೊಂಡರು.

‘ತೇ’ ಅಂದರೆ ಕಾಲು, ‘ಕ್ವಾನ್’ ಅಂದರೆ ಮುಷ್ಟಿ, ‘ದೋ’ ಅಂದರೆ ದಾರಿ ಎಂದ ಮಾಸ್ಟ್ರು.

ಕಾಲೂ ಮುಷ್ಟಿಯೂ ಸೇರಿದ ದಾರಿ ಆಸ್ಪತ್ರೆಗಲ್ಲದೆ ಮತ್ತೆಲ್ಲಿಗೆ ಹೋಗುತ್ತದೆ ಎಂದುಕೊಂಡರು ಲೀಲಾಕ್ಷಿಯಮ್ಮ.

ಇಲ್ಲಿ ಮೊದಲು ಕಲಿಸುವುದು ಒದೆಯುವುದನ್ನಲ್ಲ, ತಲೆಬಾಗಿ ವಂದಿಸುವುದನ್ನು ಎಂದ ಅವನು. ಮರ್ಯಾದೆ, ಪ್ರಾಮಾಣಿಕತೆ, ತಾಳ್ಮೆ, ತನ್ನ ಮೇಲೆ ಹಿಡಿತ, ಸೋಲಿಗೆ ಜಗ್ಗದ ಮನಸ್ಸು – ಇವು ಬಂದ ಮೇಲೆಯೇ ಬೆಲ್ಟಿನ ಬಣ್ಣ ಬದಲಾಗುವುದು. ಕಲಿತದ್ದನ್ನು ಬೀದಿಯಲ್ಲಿ ಯಾರ ಮೇಲೂ ತೋರಿಸಬಾರದು. ಇನ್ನು ಹೊಟ್ಟೆಯಿಂದ ಹೊರಡಿಸುವ ಕೂಗು ಒಂದಿದೆ, ಅದಕ್ಕೆ ‘ಕಿಹಾಪ್’ ಎಂದು ಹೆಸರು. ಕೂಗಿದರೆ ಹೆದರಿಕೆ ಹೊರಗೆ ಹೋಗುತ್ತದೆ, ಬಲ ಒಳಗೆ ಬರುತ್ತದೆ. ಎಲ್ಲರೂ ಒಮ್ಮೆ ಕೂಗಿ!

ಮಕ್ಕಳೆಲ್ಲ ಗೋಡೆ ಅದುರುವಂತೆ ಕೂಗಿದರು. ಅಮ್ಮು ಬಾಯಿ ತೆರೆದು ಮುಚ್ಚಿತು, ಸ್ವರ ಬರಲಿಲ್ಲ. ಬೈರಾಸು ಬಿಗಿಯಾಯಿತೋ ಏನೋ ಎಂದು ಅಜ್ಜಿ ಬೆಂಚಿನ ತುದಿಗೆ ಸರಿದು ಕೂತರು.

ನಂತರ ಹೊಸಬರಿಗೆ ತೋರಿಸಲೆಂದು ರೋಶೆಲ್ ಮತ್ತೊಬ್ಬ ಹುಡುಗಿಯ ಎದುರು ನಿಂತಳು. ಇಬ್ಬರ ಎದೆಗೂ ದಪ್ಪ ಕವಚ. ದಡ್! ದಡ್! ಕಾಲು ಹಾರಿದವು. ಲೀಲಾಕ್ಷಿಯಮ್ಮ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡಿದರು. ಅಷ್ಟರಲ್ಲಿ ಮಾಸ್ಟ್ರು ನಡುವೆ ಕೈ ತೂರಿಸಿ ಗಟ್ಟಿಯಾಗಿ ಹೇಳಿದ:

“ಕಲ್ಯೋ!”

ಲೀಲಾಕ್ಷಿಯಮ್ಮನ ಎರಡೂ ಕಣ್ಣು ತೆರೆದವು. ಕನ್ನಡ! ಇವ ನಮ್ಮವ! ‘ಕಲಿಯೋ’ ಅಂತಿದ್ದಾನೆ! ಆದರೆ ಇದೆಂಥ ಮಕ್ಕಳು? ಮಾಸ್ಟ್ರು ಕಲಿಯೋ ಎಂದದ್ದೇ ತಡ, ಇಬ್ಬರೂ ಕಲಿಯುವುದನ್ನೇ ಬಿಟ್ಟು ದೂರ ಹೋಗಿ ನಿಂತರಲ್ಲ! ಅದೂ ಅಲ್ಲದೆ ಹೆಣ್ಣುಮಕ್ಕಳಿಗೆ ‘ಯೋ’ ಅನ್ನುವುದೇ? ಘಟ್ಟದ ಮೇಲಿನವ ಇರಬೇಕು. ಪಾಪ, ಮಾತು ಸ್ವಲ್ಪ ಒರಟು. ಗಲ್ಫಿಗೆ ಬಂದು ವ್ಯಾಕರಣವೂ ಕೆಟ್ಟಿದೆ.

ಈಗ ಹೊಸ ಮಕ್ಕಳ ಸರದಿ. ಕಾಲು ಅಗಲಿಸಿ, ಮುಷ್ಟಿ ಮುಂದೆ ಚಾಚಿ ನಿಲ್ಲಬೇಕು. ಎಲ್ಲರೂ ನಿಂತರು. ಅಮ್ಮು ಮುಷ್ಟಿ ಚಾಚಿದ್ದೇ ತಡ, ಟೀ ಶರ್ಟಿನ ಹಿಂದಿನಿಂದ ಬೈರಾಸಿನ ಒಂದು ತುದಿ ಬಾಲದ ಹಾಗೆ ಕೆಳಗಿಳಿಯಿತು. ಮತ್ತಷ್ಟು ಇಳಿಯಿತು. ಕಾಲಿಗೆ ಸಿಕ್ಕಿ ಮಗು ಮುಗ್ಗರಿಸಿದರೆ? ಮೂಗು ಜಜ್ಜಿದರೆ? ಲೀಲಾಕ್ಷಿಯಮ್ಮನಿಗೆ ಬೆಂಚು ಕಾದ ಕಾವಲಿಯಾಯಿತು.

“ಬಾರೋ!” ಎಂದ ಮಾಸ್ಟ್ರು, ಬೆಂಚಿನ ಕಡೆಗೇ ನೋಡುತ್ತಾ.

ಮಕ್ಕಳೆಲ್ಲ ಮುಷ್ಟಿ ಹಿಂದೆಗೆದುಕೊಂಡು ನೆಟ್ಟಗೆ ನಿಂತರು. ಬಾಲ ಬಂದ ಅಮ್ಮು ಮಾತ್ರ ಚಾಚಿದ ಕೈಯಲ್ಲೇ ಉಳಿಯಿತು.

ಯಾರನ್ನು ಕರೆದದ್ದು? ಲೀಲಾಕ್ಷಿಯಮ್ಮ ಆಚೀಚೆ ನೋಡಿದರು. ಬೆಂಚಿನಲ್ಲಿದ್ದ ಗಂಡಸರು ಮೊಬೈಲಿನಿಂದ ತಲೆಯೆತ್ತಲಿಲ್ಲ.

“ಬಾರೋ!” ಈ ಸಲ ಇನ್ನೂ ಜೋರು.

ನನ್ನನ್ನೇ! ಮಗುವಿನ ಅವಸ್ಥೆ ಕಂಡು ಕರೆಯುತ್ತಿದ್ದಾನೆ! “ಬಂದೆ ಮಾಸ್ಟ್ರೇ, ಬಂದೆ! ಹೀಗೆ ಕಿರುಚುದು ಎಂತಕ್ಕೆ? ನಾನೇನು ಕಿವುಡಿಯಾ?” ಎನ್ನುತ್ತಾ ಲೀಲಾಕ್ಷಿಯಮ್ಮ ಸೀರೆ ಎತ್ತಿ ಹಿಡಿದು ದಾಪುಗಾಲಿಟ್ಟು ಚಾಪೆಗೆ ಇಳಿದೇ ಬಿಟ್ಟರು.

ಮಕ್ಕಳು ಒಕ್ಕೊರಲಿನಿಂದ “ಹಾ!” ಎಂದರು. ಮಾಸ್ಟ್ರು ಗಾಬರಿಯಿಂದ ಕಾಲಿನ ಕಡೆ ಬೊಟ್ಟು ಮಾಡಿದ. “ಅಮ್ಮಾ, ಚಪ್ಪಲ್! ಚಪ್ಪಲ್!”

ಚಪ್ಪಲಿಯಾ? ಅದು ಅವನಿಗೆ ಎಂತಕ್ಕೆ? ಕೇಳುವಷ್ಟು ಪುರುಸೊತ್ತಿಲ್ಲ. ಲೀಲಾಕ್ಷಿಯಮ್ಮ ಬಗ್ಗಿ ಚಪ್ಪಲಿ ಕಳಚಿ, ಬಲಗೈಯಲ್ಲಿ ಎತ್ತಿ ಹಿಡಿದು, ಅವನ ಕಡೆಗೇ ನುಗ್ಗಿದರು. ಬೆಂಚಿನ ಗಂಡಸರು ಈಗ ತಲೆಯೆತ್ತಿದರು. ಮೊಬೈಲುಗಳೂ ಎದ್ದವು. ಒಬ್ಬ ಮುದುಕಿ ಚಪ್ಪಲಿ ಹಿಡಿದು ಬ್ಲ್ಯಾಕ್ ಬೆಲ್ಟಿನ ಮೇಲೆ ಏರಿ ಹೋಗುವ ದೃಶ್ಯ ದಿನಾ ಸಿಗುತ್ತದೆಯೇ!

ಮಾಸ್ಟ್ರು ಓಡಲಿಲ್ಲ, ತಡೆಯಲಿಲ್ಲ. ಹಿರಿಯರೆಂದು ಸೊಂಟದಿಂದ ಬಗ್ಗಿ ವಂದಿಸಿದ.

ಕಿರಿಯರು ತಲೆಬಾಗಿದರೆ ಲೀಲಾಕ್ಷಿಯಮ್ಮನ ಕೈ ತಾನಾಗಿ ಮೇಲೇಳುತ್ತದೆ. ಎದ್ದಿತು. “ದೇವರು ಒಳ್ಳೇದು ಮಾಡ್ಲಿ ಮಗಾ,” ಎಂದು ಅವನ ತಲೆಯ ಮೇಲೆ ಕೂತಿತು. ಅದು ಬಲಗೈ ಎಂಬುದು ಅವರಿಗೆ ಹೊಳೆದದ್ದು ಚಪ್ಪಲಿಯ ಮರಳು ಮಾಸ್ಟ್ರ ಕೂದಲಿಂದ ಉದುರಿದಾಗ! ಗುರುಗಳೇ ಬಗ್ಗಿದ್ದಾರೆಂದು ಮಕ್ಕಳೂ ಸಾಲಾಗಿ ಚಪ್ಪಲಿಗೆ ವಂದಿಸಿದರು.

ಅವಮಾನದಲ್ಲಿ ಕಿವಿ ಬಿಸಿಯಾಗಿ, ಬೇಗ ಕೆಲಸ ಮುಗಿಸಿ ಹೋಗುವ ಎಂದು ಲೀಲಾಕ್ಷಿಯಮ್ಮ ಬೈರಾಸಿನ ತುದಿ ಹಿಡಿದು ಎಳೆದರು. ಅಮ್ಮು ಬುಗುರಿಯ ಹಾಗೆ ತಿರುಗಿತು. ಬೈರಾಸು ಪೂರ್ತಿ ಬಿಚ್ಚಿ ಕೈಗೆ ಬಂತು. ಎಳೆದ ರಭಸಕ್ಕೆ ಅಜ್ಜಿ ಹಿಂದೆ, ಇನ್ನೂ ಹಿಂದೆ, ಹಾಲಿನ ಮೂಲೆಯವರೆಗೆ ಹೋದರು. ಅಲ್ಲಿ ರೋಶೆಲ್ ಬೆನ್ನು ಹಾಕಿ ನಿಂತು, ಗರ್ರನೆ ತಿರುಗಿ ಒದೆಯುವ ಅಭ್ಯಾಸ ಮಾಡುತ್ತಿದ್ದಳು. ಅವಳ ಕಾಲು ಎದ್ದಿತು. ತಿರುಗಿತು. ಲೀಲಾಕ್ಷಿಯಮ್ಮನಿಗೆ ಊರಿನ ದೈವಗಳೆಲ್ಲ ಒಟ್ಟಿಗೆ ನೆನಪಾದವು.

“ಸ್ಟಾಪ್! ದಟ್ಸ್ ಮೈ ಅಜ್ಜೀ...!”

ಗೋಡೆಗೆ ತೂಗುಹಾಕಿದ್ದ ಗಡಿಯಾರವೂ ನಡುಗಿತೆಂದು ಹೇಳುತ್ತಾರೆ. ರೋಶೆಲ್ ಕಾಲು ಗಾಳಿಯಲ್ಲಿಟ್ಟುಕೊಂಡೇ ಕಲ್ಲಾಗಿ, ಮರುಗಳಿಗೆ ಕುಂಡೆಯ ಮೇಲೆ ದೊಪ್ಪೆಂದು ಕುಳಿತಳು. ಕೆಳಗಿನ ಕೋಲ್ಡ್ ಸ್ಟೋರಿನಾತ ಮೆಟ್ಟಿಲು ಹತ್ತಿ ಬಂದು ಇಣುಕಿದ. ಎಲ್ಲರೂ ಆ ಸ್ವರ ಬಂದ ಕಡೆ ತಿರುಗಿದರು. ಅಲ್ಲಿ ಸಪೂರವಾಗಿ, ಎರಡು ಮುಷ್ಟಿ ಬಿಗಿದು, ಅಮ್ಮು ನಿಂತಿತ್ತು.

“ಕ್ಯಾ ಆವಾಜ್ ಹೈ!” ಎಂದ ಮಾಸ್ಟ್ರು, ತಲೆಯ ಮರಳನ್ನು ಝಾಡಿಸಿಕೊಳ್ಳುತ್ತಾ. ಕಿಹಾಪ್ ಎಂದರೆ ಇದು, ನೋಡಿ ಕಲಿಯಿರಿ ಎಂದು ಉಳಿದ ಮಕ್ಕಳಿಗೂ ಹೇಳಿದ.

ಅಷ್ಟು ಹೊತ್ತಿಗೆ ಫೆಲ್ಸಿ ಕಾರಿನ ಕೀ ಹಿಡಿದುಕೊಂಡು ಓಡಿ ಬಂದಳು. “ಎಂತ ಆಯ್ತು ಆಂಟಿ? ನೀವು ಚಾಪೆಯಲ್ಲಿ ಎಂತ ಮಾಡ್ತಿದ್ದೀರಿ?”

“ನಿಮ್ಮ ಮಾಸ್ಟ್ರೇ ಅಲ್ವಾ ಬಾರೋ ಬಾರೋ ಅಂತ ಕರ್ದದ್ದು! ಕರ್ದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ತದಾ?”

“ಅಯ್ಯೋ ದೇವಾ! ಅದು ಕನ್ನಡ ಅಲ್ಲ ಆಂಟಿ, ಕೊರಿಯಾ ಭಾಷೆ! ಬಾರೋ ಅಂದ್ರೆ ಮೊದಲು ನಿಂತ ಹಾಗೆ ಪುನಃ ನಿಲ್ಲುದು. ಮಾಸ್ಟ್ರು ಕಣ್ಣೂರಿನವ್ರು, ಅವ್ರಿಗೆ ಕನ್ನಡ ಎಲ್ಲಿ ಬರ್ತದೆ?”

“ಕಲಿಯೋ ಅಂದದ್ದು?”

“ಅದು ಬಿಟ್ಟು ದೂರ ನಿಲ್ಲಿ ಅಂತ.”

“ಬಾರೋ ಅಂದ್ರೆ ಹಿಂದೆ ಹೋಗುದು, ಕಲಿಯೋ ಅಂದ್ರೆ ಬಿಡುದು! ಇಂಥ ಭಾಷೆ ಇಟ್ಕೊಂಡು ಅವ್ರು ಕಾಲಲ್ಲಿ ಮಾತಾಡದೆ ಮತ್ತೆಂತ ಮಾಡ್ತಾರೆ?” ಎಂದು ಲೀಲಾಕ್ಷಿಯಮ್ಮ ಗೊಣಗಿದರು. ನಂತರ ಸ್ವರ ತಗ್ಗಿಸಿ, “ಫೆಲ್ಸಿ ಬಾಯಿ, ಈ ಚಪ್ಪಲಿ ವಿಷಯ ನಮ್ಮ ಪೂಜಿತಾಗೆ ಹೇಳ್ಲಿಕ್ಕಿಲ್ಲ ಆಯ್ತಾ?”

“ನೋಡಿದೆ ಅತ್ತೆ,” ಎಂದಿತು ಬಾಗಿಲಿನಿಂದ ಒಂದು ಸ್ವರ. “ಆಫೀಸಿಂದ ಬೇಗ ಹೊರಟು ಟ್ಯಾಕ್ಸಿಯಲ್ಲಿ ಬರ್ತಾ ಇರುವಾಗ್ಲೇ ವಿಡಿಯೋ ಎಲ್ಲಾ ಗ್ರೂಪಲ್ಲೂ ಬಂತು. ನಿಮ್ಮ ಮಗ ಸೌದಿಯಿಂದ ಫೋನ್ ಮಾಡಿ, ಅಮ್ಮ ಮಾಸ್ಟ್ರಿಗೆ ಯಾಕೆ ಹೊಡೆದದ್ದು ಅಂತ ಕೇಳ್ತಿದ್ದಾರೆ!”

ಲೀಲಾಕ್ಷಿಯಮ್ಮ ಬೈರಾಸಿನಲ್ಲಿ ಮುಖ ಒರೆಸಿಕೊಂಡರು. ಮುಚ್ಚಿಕೊಂಡರು ಎಂದರೂ ಸರಿಯೇ.

ಪೂಜಿತಾ ನಕ್ಕು, ಅಮ್ಮುವಿನ ಎದುರು ಮೊಣಕಾಲೂರಿ ಕುಳಿತಳು. “ಈಗ ನೀನೇ ಹೇಳು ಮಗಾ. ಸೇರ್ತಿಯಾ, ಬೇಡ್ವಾ? ನಾವು ಯಾರೂ ಬಯ್ಯುದಿಲ್ಲ.”

ಇಷ್ಟೆಲ್ಲ ಕಂಡ ಮೇಲೆ ಯಾವ ಮಗು ತಾನೇ ಹ್ಞೂಂ ಅನ್ನುತ್ತದೆ? ಈಗ ಅಳುತ್ತದೆ, ಈಗ ಓಡಿ ಬರುತ್ತದೆ ಎಂದು ಲೀಲಾಕ್ಷಿಯಮ್ಮ ಎರಡೂ ಕೈ ಚಾಚಿ ತಯಾರಾದರು.

ಅಮ್ಮು ಮಾಸ್ಟ್ರನ್ನು ನೋಡಿತು, ರೋಶೆಲಳನ್ನು ನೋಡಿತು, ಅಜ್ಜಿಯನ್ನೂ ನೋಡಿತು. ಮತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿತು:

“ಸೇರ್ತೇನೆ. ಆದ್ರೆ ಅಜ್ಜಿ ಬರ್ಬಾರ್ದು.”

“ಅಯ್ಯೋ ಮಗಾ!” ಲೀಲಾಕ್ಷಿಯಮ್ಮನ ಚಾಚಿದ ಕೈ ಹಾಗೇ ಉಳಿಯಿತು. “ನಾನು ಬಾರದಿದ್ರೆ ಇಲ್ಲಿ ನಿನ್ನನ್ನು ನೋಡ್ಕೊಳ್ಳುದು ಯಾರು?”

“ನೀವು ಬಂದ್ರೆ ನಾನು ನಿಮ್ಮನ್ನು ನೋಡ್ಕೊಳ್ಬೇಕಲ್ಲ ಅಜ್ಜಿ,” ಎಂದಿತು ಅಮ್ಮು. “ಮತ್ತೆ ಕಲಿಯುದು ಯಾವಾಗ?”