ಬ್ಯಾಂಕಾಕಿನಲ್ಲಿ ಮಾವನ ರೊಟ್ಟಿ ಗಂಟು

ನಮ್ಮ ಸೋದರಮಾವನ ಜೊತೆ ದೇವದುರ್ಗದ ಸಂತೆಗೆ ಹೋಗಿಬಂದರೂ ಹೇಳಿಕೊಂಡು ನಗುವಂಥದ್ದು ಏನಾದರೊಂದು ನಡೆದೇ ಇರುತ್ತದೆ. ಅಂಥವರ ಜೊತೆ ಬ್ಯಾಂಕಾಕಿಗೆ ಹೋದರೆ ಏನಾಗಬೇಡ!

ಹೋದದ್ದು ಮೋಜಿಗಲ್ಲ. ಮಾನ್ವಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಮಾವ ಮಾಲೀಕರು, ನಾನು ಮೇಲ್ವಿಚಾರಕ. ನಮ್ಮ ಅಕ್ಕಿಯಲ್ಲಿ ಕಪ್ಪು ಕಾಳು ಜಾಸ್ತಿ ಎಂದು ರಾಯಚೂರಿನ ವ್ಯಾಪಾರಿಗಳು ಚೀಲ ವಾಪಸ್ ಕಳಿಸತೊಡಗಿದ್ದರು. ಬ್ಯಾಂಕಾಕಿನ ಕಂಪನಿಯೊಂದು ಮಾಡುವ, ಕಪ್ಪು ಕಾಳು ಆರಿಸುವ ಮಷಿನ್ ತರದಿದ್ದರೆ ಮಿಲ್ಲಿಗೆ ಬೀಗವೇ ಗತಿ ಎಂದು ನಾನು ಬಡಕೊಳ್ಳುತ್ತಿದ್ದೆ. ಮಾವನದು ಒಂದೇ ಹಟ.

"ಎತ್ತು ತಗೊಳ್ಳಬೇಕಾದ್ರ ಸಾಕಿದವರ ಮನಿ ನೋಡ್ತೀವಿಲ್ಲೋ? ಹಂಗ ಮಷಿನ್ ಮಾಡಿದವರ ಊರು ನೋಡ್ತೀನಿ. ಮಂದಿ ಚಲೋ ಇದ್ರ ತಗೊಳ್ಳೂಣು, ಇಲ್ಲಂದ್ರ ಇಲ್ಲ."

ಹೀಗೆ ಒಂದು ದೊಡ್ಡ ಊರು ತನಗೇ ಗೊತ್ತಿಲ್ಲದೆ ಪರೀಕ್ಷೆಗೆ ಕೂತಿತು.

ಮಳೆ ವಿಚಾರ

ಹೋಟೆಲಿನ ಬಾಗಿಲಲ್ಲಿ ಒಬ್ಬ ಹುಡುಗಿ ಒಳಬಂದವರಿಗೆಲ್ಲ ಬಾಗಿ ಕೈಮುಗಿಯುತ್ತಿದ್ದಳು. ಅದು ಅವಳ ಕೆಲಸ. ಮಾವನಿಗೆ ಹಿಡಿಸಿಬಿಟ್ಟಿತು. ತಾವೂ ಕೈಮುಗಿದು ಅಲ್ಲೇ ನಿಂತರು.

"ಆರಾಮದಿ ಏನವಾ? ನಿಮ್ಮ ಕಡಿ ಮಳಿ ಹೆಂಗದ?"

ಹಿಂದೆ ಸೂಟ್‌ಕೇಸ್ ಹಿಡಿದವರ ಸಾಲು ಬೆಳೆಯಿತು. "ನಡೀರಿ ಮಾವ" ಎಂದೆ.

"ಕೈಮುಗದಾಳ. ಮಾತಾಡಸ್ದ ಹೆಂಗ ಹೋಗೂದು?"

ಮಾವನ ಕೈ ಆಕಾಶದ ಕಡೆ ತೋರಿಸುತ್ತಿತ್ತು. ಹುಡುಗಿ ಒಳಗೆ ಓಡಿ ಒಂದು ಛತ್ರಿ ತಂದುಕೊಟ್ಟಳು. ಬೇಡ ಅಂದರೆ ಆ ಹುಡುಗಿ ನೊಂದುಕೊಂಡಾಳೆಂದು ಮಾವ ಇಡೀ ದಿನ ಸುಡುಬಿಸಿಲಲ್ಲಿ ಅದನ್ನು ಬಗಲಲ್ಲಿಟ್ಟುಕೊಂಡೇ ತಿರುಗಿದರು.

ದೇವರ ಬಾಟಲಿ

ಅಲ್ಲಿ ಅಂಗಡಿ ಅಂಗಡಿಯ ಮುಂದೆ ಪುಟ್ಟ ಗುಡಿ. ಮುಂದೆ ಹೂವಿನ ಹಾರ, ಕೆಂಪು ಸೋಡಾ ಬಾಟಲಿ, ಅದರೊಳಗೊಂದು ಸ್ಟ್ರಾ. ಮಾವ ಬಗ್ಗಿ ಬಗ್ಗಿ ನೋಡಿದರು.

"ನಾವು ದೇವರಿಗೆ ಎಡಿ ತೋರ್ಸಿ ನಾವೇ ತಿಂತೀವಿ. ಇವ್ರು ಖರೇನ ಕುಡೀಲಿ ಅಂತ ಇಟ್ಟಾರಲೇ!"

ಆ ಖುಷಿ ಮುಂದಿನ ತಿರುವಿನವರೆಗೆ ಉಳಿಯಿತು. ಅಲ್ಲೊಂದು ತಳ್ಳುಗಾಡಿಯಲ್ಲಿ ಹುರಿದ ಪದಾರ್ಥದ ಗುಡ್ಡೆ. ರಾಶಿ ಕಂಡರೆ ಮಿಲ್ಲಿನವರ ಕೈ ಸುಮ್ಮನಿರುವುದಿಲ್ಲ. ಮಾವ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿಗೆ ಒಯ್ದರು, ಭತ್ತ ಒಣಗಿದೆಯೋ ಇಲ್ಲವೋ ನೋಡುವಂತೆ.

"ಮಾವ, ಅವು ಮಿಡತಿ!" ಎಂದು ಕೂಗಿ ಕೈ ಹಿಡಿದೆ.

ಮಾವ ಕೈ ಕೊಡವಿಕೊಂಡು ಹಣೆಯ ವಿಭೂತಿ ಮುಟ್ಟಿಕೊಂಡರು. ಗಾಡಿಯವಳು, ಗಿರಾಕಿಗೆ ಮಾಲು ಸಣ್ಣದಾಯಿತೆಂದು ತಿಳಿದು, ಇನ್ನೊಂದು ತಟ್ಟೆಯಿಂದ ದೊಡ್ಡವನ್ನು ತೆಗೆದು ತೋರಿಸಿದಳು.

"ಮಷಿನೂ ಬ್ಯಾಡ, ಏನೂ ಬ್ಯಾಡ. ನಡಿ ಊರಿಗೆ!"

ಬರ್ರಿ, ಊಟ ಮಾಡೂಣು

ನಮ್ಮತ್ತೆ ವಾಪಸ್ ಬರುವ ತನಕ ಸಾಲುವಷ್ಟು, ಒಣಗಿಸಿ ಗಟ್ಟಿಯಾದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಕಟ್ಟಿಕೊಟ್ಟಿದ್ದರು. ಮಧ್ಯಾಹ್ನ ಒಂದು ಪಾರ್ಕಿನಲ್ಲಿ ಗಂಟು ಬಿಚ್ಚಿದೆವು. ಎದುರಿಗೆ ಜನ ಇರುವಾಗ ಕರೆಯದೆ ಉಣ್ಣುವುದು ಹೇಗೆ? ಮಾವ ರೊಟ್ಟಿ ಎತ್ತಿ ಹಿಡಿದು ಪಕ್ಕದ ಬೆಂಚಿನ ಹೆಂಗಸರಿಗೆ, "ಬರ್ರಿ, ಊಟ ಮಾಡೂಣು" ಎಂದರು.

ನಮ್ಮಲ್ಲಾದರೆ "ನೀವು ಮಾಡ್ರಿ, ನಮ್ದಾಗ್ಯಾದ" ಅಂತಾರೆ, ಅಲ್ಲಿಗೆ ಮುಗಿಯಿತು. ಇವರು ಎದ್ದು ಬಂದೇಬಿಟ್ಟರು! ರೊಟ್ಟಿ ಕಟುಂ ಎಂದಾಗಲೆಲ್ಲ ನಕ್ಕರು, ಗೆಳತಿಯರನ್ನೂ ಕರೆದರು. ಗಂಟು ಖಾಲಿಯಾಯಿತು.

ಮಾವ ಖಾಲಿ ಬಟ್ಟೆ ಕೊಡವುತ್ತ, "ಆದ್ರೂ ಭಾರಿ ಮಂದಿ ಲೇ. ಇಷ್ಟು ಖಾರ ತಿಂದು ಒಬ್ರೂ ನೀರು ಕೇಳಲಿಲ್ಲ!" ಎಂದರು.

ಆಗ್ಯಾದ್ರಿ

ಮರುದಿನ ಮಷಿನ್ ಕಂಪನಿಗೆ ಹೋದಾಗ ಹೊಟ್ಟೆಯಲ್ಲಿದ್ದದ್ದು ಬರೀ ಬಾಳೆಹಣ್ಣು. ಮಾಲೀಕರು ವಯಸ್ಸಾದವರು, ಮಾತು ಕಡಿಮೆ. ನಾವು ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದ್ದೆ. ಮಷಿನ್ ತೋರಿಸಿ, ಮೇಜಿನ ಮೇಲೆ ಹಬೆಯಾಡುವ ಅನ್ನ, ಪಲ್ಯ, ಮಾವಿನಹಣ್ಣಿನ ಹೋಳು ಇಡಿಸಿ ಊಟಕ್ಕೆ ಕರೆದರು.

ನಮ್ಮ ಕಡೆ ಮೊದಲ ಕರೆಗೇ ಕೂತರೆ ಮರ್ಯಾದೆಯಲ್ಲ. ಎರಡು ಸಲ ಒಲ್ಲೆ ಅನ್ನಬೇಕು, ಆಮೇಲೆ ಅವರು ರಟ್ಟೆ ಹಿಡಿದು ಕೂಡಿಸಬೇಕು. ಮಾವ ಹೊಟ್ಟೆ ಸವರಿಕೊಂಡು, "ಆಗ್ಯಾದ್ರಿ, ಈಗಷ್ಟ ಉಂಡು ಬಂದೀವಿ" ಎಂದರು. ನಾನು ಇಂಗ್ಲಿಷಿನಲ್ಲಿ ಹಾಗೇ ಹೇಳಿದೆ. ಹಿರಿಯರ ಮಾತು ಮೀರುವುದುಂಟೇ?

ಮಾಲೀಕರು ಸಂತೋಷದಿಂದ ಕೈಮುಗಿದು, ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಉಂಡರು. ಪ್ರತಿ ಮಾವಿನ ಹೋಳಿನ ಜೊತೆ ಮಾವನ ಕಣ್ಣೂ ಅವರ ಬಾಯಿತನಕ ಹೋಗಿ ಬರುತ್ತಿತ್ತು.

ಹೊರಬಂದು ಮಾವ ಸರಸರನೆ ನಡೆದೇಬಿಟ್ಟರು. ಮಷಿನ್ ಹೋಯಿತು, ಮಿಲ್ಲೂ ಹೋಯಿತು ಎಂದುಕೊಂಡು ನಾನು ಹಿಂದೆ ಹಿಂದೆ ಓಡಿದೆ. ಗೇಟಿನ ಹತ್ತಿರ ಮಾವ ನಿಂತರು.

"ಲೇ, ಉಂಡೀನಿ ಅಂದ್ರ ನಂಬೇಬಿಟ್ನಲ್ಲೋ!"

"ಹೂಂ ಮಾವ."

"ಮತ್ತೊಂದು ಮಾತು ಕೇಳಲಿಲ್ಲ. ಮಂದಿ ಮಾತು ಇಷ್ಟು ನಂಬೋ ಮನಷ್ಯಾ ತಾನು ಸುಳ್ಳು ಹೇಳಂಗಿಲ್ಲ. ಮಷಿನ್ ತಗೊಳ್ಳೂಣು."

ಖುಷಿಗೆ ನಾನು ಒಳಗೆ ಓಡಲಿದ್ದೆ. ಮಾವ ರಟ್ಟೆ ಹಿಡಿದು ನಿಲ್ಲಿಸಿದರು.

"ಮಷಿನ್ ಮಾತು ಆಮೇಲೆ. ಮೊದಲ, ನಮ್ಮ ಮಾವ ಉಂಡಿಲ್ಲ ಅಂತ ಹೇಳು."