ಕೂಗಿ ತೂಕ ಹೇಳುವ ಮಷೀನಿನವರಿಗೆ

ಆಂಟಾಪ್ ಹಿಲ್, ಮುಂಬಯಿ

ಸೊಸೈಟಿ ಹಾಲ್‌ನಲ್ಲಿ ನೆಲಸಿ ಹೆಂಗಸರ ಭಾರವನ್ನು ಲೋಕಕ್ಕೆ ಸಾರುವ ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರವೆಂದು ಬರೆಯಬೇಕಿತ್ತು. ತಾವು ನಮ್ಮ ಪಾದಗಳನ್ನೇ ಹೊರುವವರಾದ್ದರಿಂದ ದೂರದಿಂದಲೇ ಕೈಮುಗಿಯುತ್ತೇನೆ. ಕಳೆದ ತಿಂಗಳು ನಮ್ಮ ಬಿಲ್ಡಿಂಗಿನಲ್ಲಿ ನಡೆದ ಮಹಿಳಾ ಆರೋಗ್ಯ ಶಿಬಿರದಲ್ಲಿ ತಾವು ನನ್ನ ತೂಕ ಎಪ್ಪತ್ತೆಂಟು ಕಿಲೋ ನಾನೂರು ಗ್ರಾಂ ಎಂದು, ಸ್ಟೇಷನ್ನಿನಲ್ಲಿ ಲೋಕಲ್ ಬರುವುದನ್ನು ಹೇಳುವಂಥ ದನಿಯಲ್ಲಿ, ಹಿಂದಿಯಲ್ಲಿ, ಮೂರನೆಯ ಮಹಡಿಗೂ ಕೇಳುವಂತೆ ಘೋಷಿಸಿದಿರಿ. ಮೂವತ್ತೆಂಟು ವರ್ಷ ಇಲ್ಲಿದ್ದರೂ ನನ್ನನ್ನು ಬರೀ ‘ಕರ್ನಾಟಕವಾಲಿ’ ಎಂದು ಕರೆಯುತ್ತಿದ್ದವರಿಗೆ ನಾನೂರು ಗ್ರಾಮಿನವರೆಗೂ ನನ್ನ ಪರಿಚಯ ಮಾಡಿಕೊಟ್ಟ ಉಪಕಾರವನ್ನು ಹೇಗೆ ಮರೆಯಲಿ?

ನನ್ನ ಸೊಸೆ ರಂಜನಾಳಿಗೆ ತಾವು ಎಪ್ಪತ್ತೆರಡು ಎಂದಿರಿ. ಅಂಧೇರಿಯ ಆಫೀಸಿನಲ್ಲಿ ಕೆಲಸ ಮಾಡುವ ಆ ಹುಡುಗಿ ತಲೆ ತಗ್ಗಿಸಿದಳು; ನಾನು ಎತ್ತಿದೆ, ಸೊಸೆ ಮೈದುಂಬಿಕೊಂಡರೆ ಹೆಸರು ಅತ್ತೆಯ ಅಡಿಗೆಗೆ ತಾನೆ. ಆಗ ಫಾರಂ ಹಿಡಿದು ಕುಳಿತಿದ್ದ ಶಿಬಿರದ ಹುಡುಗಿ ಶುಭಾಂಗಿ, ನಿನ್ನೆ ಇಡೀ ದಿನ ಏನೇನು ತಿಂದಿರಿ ಎಂದು ರಂಜನಾಳನ್ನು ಕೇಳಿದಳು. ಹತ್ತನೆಯ ಇಯತ್ತೆ ಪಾಸಾದ ಹಿರಿಯಳು ಎದುರಿಗಿರುವಾಗ ಮನೆಯ ಊಟದ ಬಗ್ಗೆ ಸೊಸೆ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ನಾನೇ ಬರೆಸಿದೆ: ಬೆಳಿಗ್ಗೆ ಶೇಂಗಾ ಹಾಕಿದ ಒಗ್ಗರಣೆ ಅವಲಕ್ಕಿ, ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ರಾತ್ರಿ ಮೆಂತ್ಯದ ಸೊಪ್ಪು, ಬೇಳೆ, ಅನ್ನ. ಶುಭಾಂಗಿಯ ಪೆನ್ನು ದಣಿಯಿತು, ನನ್ನ ನಾಲಗೆ ದಣಿಯಲಿಲ್ಲ.

ತಮ್ಮ ಅಂಕಿ ಮತ್ತು ನನ್ನ ಪಟ್ಟಿ ಎರಡನ್ನೂ ಕೂಡಿಸಿ ಒಂದು ಕಾಗದ ಬಂತು: ಆಹಾರ ಭರ್ಜರಿಯಾಗಿದೆ, ಅರ್ಧಕ್ಕೆ ಇಳಿಸಬೇಕು. ಕಾಗದದ ಮಾತು ಮೀರುವ ಮನೆತನ ನಮ್ಮದಲ್ಲ. ಅಂದಿನಿಂದ ರಂಜನಾಳ ರಾತ್ರಿಯ ತಾಟಿನ ಎರಡನೆಯ ರೊಟ್ಟಿಯನ್ನು ನನ್ನ ಕೈಯಾರೆ ಎತ್ತಿದೆ. ಒಂಬತ್ತನೆಯ ದಿನ ಆಕೆ ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಕಣ್ಣಿಗೆ ಕತ್ತಲೆ ಕವಿದು ಬಿದ್ದಳು.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಏಳೂವರೆ ಬಂತು. ಇದು ಒಂಬತ್ತು ದಿನದ್ದಲ್ಲ, ವರ್ಷಗಳದ್ದು ಎಂದರು ಡಾಕ್ಟರ್ ಜ್ಯೋತ್ಸ್ನಾ. ಈಕೆ ಏನು ತಿನ್ನುತ್ತಾರೆ ಎಂದು ಅವರು ಕೇಳಿದಾಗ ನಾನು ಮತ್ತೆ ಅವಲಕ್ಕಿಯಿಂದ ಶುರು ಮಾಡಿದೆ. “ಆಜಿ, ತುಮ್ಹೀ ಥಾಂಬಾ,” ಅಜ್ಜಿ, ನೀವು ನಿಲ್ಲಿಸಿ, ಎಂದುಬಿಟ್ಟರು, ನನ್ನ ಮಗಳ ವಯಸ್ಸಿನ ಆ ಡಾಕ್ಟರು! ನಾನು ಮಾತು ನಿಲ್ಲಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೊಸೆ ತನ್ನ ಊಟದ ಬಗ್ಗೆ ತಾನೇ ಹೇಳಿದಳು. ಗಂಡನದೂ ಮಗನದೂ ಡಬ್ಬಿ ತುಂಬಿ ಏಳೂಕಾಲಿಗೆ ಓಡುವಾಗ ಚಹ, ಎರಡು ಟೋಸ್ಟು. ಮಧ್ಯಾಹ್ನ ಆಫೀಸಿನ ಕೆಳಗೆ ವಡಾಪಾವು. ಸಂಜೆ ಚಹ, ಖಾರಿ ಬಿಸ್ಕೀಟು. ರಾತ್ರಿ ಎಲ್ಲರದೂ ಮುಗಿದ ಮೇಲೆ ಉಳಿದ ಎರಡು ರೊಟ್ಟಿ, ಉಪ್ಪಿನಕಾಯಿ. “ಪಲ್ಯೆ ಮುಗದಿರತೈತ್ರಿ,” ಎಂದಳು, ದೂರಿನ ದನಿಯೂ ಇಲ್ಲದೆ.

ಮಾನ್ಯರೇ, ತಾವು ತೂಗಿದ್ದು ಮೈದಾ, ಆಲೂಗಡ್ಡೆ ಮತ್ತು ಸಕ್ಕರೆ. ನಾನು ಬರೆಸಿದ್ದು ಒಲೆಯ ಮೇಲೆ ಬೆಂದದ್ದು. ಅದು ಯಾರ ಹೊಟ್ಟೆಗೆ ಹೋಯಿತೆಂದು ನೋಡುವ ವ್ಯವಸ್ಥೆ ತಮ್ಮಲ್ಲೂ ಇಲ್ಲ, ನನ್ನಲ್ಲೂ ಇರಲಿಲ್ಲ. ತಪ್ಪಿನಲ್ಲಿ ಅರ್ಧ ತಮಗೆ ಕೊಡಬೇಕೆಂದೇ ಈ ಪತ್ರ ಶುರು ಮಾಡಿದ್ದೆ. ಆದರೆ ತಾವು ನಿಂತವರನ್ನಷ್ಟೇ ತೂಗಿದಿರಿ. ನಿಂತವಳ ಪರವಾಗಿ ಮಾತಾಡಿದವಳು ನಾನು.

ಆದ್ದರಿಂದ ಸವಿನಯ ವಿನಂತಿ: ಹಾಲ್‌ನಲ್ಲಿ ಹೆಂಗಸರ ಮಾನ ತೂಗುವುದನ್ನು ಬಿಟ್ಟು ನಮ್ಮ ಅಡಿಗೆಮನೆಗೆ ದಯಮಾಡಿಸಿ, ಪಲ್ಯದ ಪಾತ್ರೆಯ ಕೆಳಗೆ ಕೂಡಬೇಕು. ಯಾರು ಎರಡನೆಯ ಸಲ ಸೌಟು ಇಳಿಸಿದರೋ ಅವರ ಹೆಸರನ್ನು ಅದೇ ದನಿಯಲ್ಲಿ, ಮೂರನೆಯ ಮಹಡಿಗೂ ಕೇಳುವಂತೆ, ಹಿಂದಿಯಲ್ಲಿ ಕೂಗಬೇಕು. ಸೊಸೆಯ ತಾಟು ಖಾಲಿ ಇರುವಾಗ ನಮ್ಮ ಯಜಮಾನರು ತೇಗಿದರೆ ಅದನ್ನೂ ಗ್ರಾಮಿನಲ್ಲಿ ಹೇಳಬೇಕು.

ತಾವು ಬರುವವರೆಗೆ ಆ ಕೆಲಸ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೆಂಚಿನಿಂದ ಇಳಿದ ಮೊದಲ ರೊಟ್ಟಿ, ಮೊದಲ ಸೌಟು ಪಲ್ಯ ಈಗ ರಂಜನಾಳಿಗೆ. ಮೊನ್ನೆ ಮಗ ಅನಿಲಕುಮಾರ ಪಾತ್ರೆಯ ತಳ ನೋಡಿ, “ಅವ್ವಾ, ಇಷ್ಟ ಉಳದೈತೇನ?” ಎಂದ. “ಖಾರಿ ಐತಿ, ಚಾದಾಗ ಅದ್ದಿ ತಿನ್ನು. ನಿನ್ನ ಹೇಂತಿ ಹನ್ನೊಂದ ವರ್ಷ ಅದನ್ನ ತಿಂದಾಳ,” ಎಂದೆ. ತಿಂದ.

ತಮ್ಮ ಮೇಲೆ ಹತ್ತಿ ಇಳಿದ, ನೆಲದ ಮೇಲೇ ಹೆಚ್ಚು ಗಟ್ಟಿಯಾಗಿ ನಿಲ್ಲುವ,
ತಮ್ಮ ವಿಶ್ವಾಸಿ,
ದೇವಕ್ಕ

ತಾ.ಕ.: ನಿನ್ನೆ ಶುಭಾಂಗಿ ಫಾರಂ ಹಿಡಿದು ಮತ್ತೆ ಬಂದಿದ್ದಳು, ಈ ಸಲ ನನ್ನ ಊಟ ಕೇಳಲು. ನಾನು ರೊಟ್ಟಿ, ಎಣ್ಣೆಗಾಯಿ ಎಂದು ಆರಂಭಿಸುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದ ರಂಜನಾ, “ಅತ್ತಿ, ಮಾಡಿದ್ದಲ್ರಿ, ಉಂಡದ್ದು ಹೇಳ್ರಿ,” ಎಂದಳು. ಆ ಸೊಕ್ಕು ಹಿಮೋಗ್ಲೋಬಿನ್ ಏರಿದ್ದರ ಗುರುತೆಂದು ಸಹಿಸಿಕೊಂಡೆ. ಚಹ, ತಂಗಳ ರೊಟ್ಟಿ, ಉಪ್ಪಿನಕಾಯಿ ಎಂದು ಬರೆಸಿದೆ. ಇದನ್ನು ಮಾತ್ರ ತಾವು ಕೂಗತಕ್ಕದ್ದಲ್ಲ.