‘ಹ’ ನುಂಗಿದ ಪ್ರೀಆಂಪ್

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ನಮ್ಮೂರಿನಿಂದ ಅರಕಲಗೂಡಿನವರೆಗೆ ಎಲ್ಲೇ ಕಂಠಪಾಠ ಸ್ಪರ್ಧೆ ನಡೆಯಲಿ, ಉಚ್ಚಾರಣೆಗೆ ಅಂಕ ಕೊಡಲು ನನ್ನನ್ನೇ ಕರೆಯುತ್ತಾರೆ. ಶ, ಷ, ಸಗಳ ವಿಷಯದಲ್ಲಿ ನಾನು ಮಕ್ಕಳಿಗೆ ಸಿಂಹಸ್ವಪ್ನ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ. ಅದು ಇಳಿದ ಕಥೆಯನ್ನೂ ನಾನೇ ಹೇಳಬೇಕಾಗಿದೆ!

ಎಲ್ಲ ಶುರುವಾದದ್ದು ಹೇಮಳ ಮದುವೆಯಿಂದ. ಹೇಮ ನನ್ನ ಹೆಂಡತಿ ಸುಧಾಳ ಅಣ್ಣನ ಮಗಳು, ಚನ್ನರಾಯಪಟ್ಟಣದವಳು. ಅವರ ಮನೆಯಲ್ಲಿ ಅರಿಶಿನ ಶಾಸ್ತ್ರದ ದಿನ ಹೆಣ್ಣನ್ನು ಹಸೆಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯಳು ಅವಳ ಹೆಸರು ಸೇರಿಸಿ ಸೋಬಾನೆ ಪದ ಹಾಡಬೇಕು. ಆ ಹಿರಿಯಳೆಂದರೆ ನನ್ನ ಅತ್ತೆ, ದುದ್ದದ ಪುಟ್ಟಮ್ಮ. ಅತ್ತೆಯವರು ಮಂಡಿ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಸದ್ಯಕ್ಕೆ ಪ್ರಯಾಣದ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಸುದ್ದಿ ತಿಳಿದು ಹೇಮ ಫೋನಿನಲ್ಲೇ ಅತ್ತಳು.

“ಅಜ್ಜಿ ಪದ ಇಲ್ದೆ ನಾನು ಮಣೆ ಮೇಲೆ ಕೂರಲ್ಲ ಮಾವ. ಯಾರ್ ಬಂದು ಎಳುದ್ರೂ ಕೂರಲ್ಲ!”

“ಹೇಮಾ, ಹೆದರಬೇಡ! ಅಜ್ಜಿ ಬರದಿದ್ದರೇನು, ಅಜ್ಜಿಯ ಧ್ವನಿ ಬರುತ್ತೆ. ನಾನಿದ್ದೀನಲ್ಲ!” ಎಂದೆ.

ಸುಧಾ ಅಡುಗೆಮನೆಯಿಂದ ಇಣುಕಿದಳು. “ಮೊಬೈಲಲ್ಲೇ ರೆಕಾರ್ಡ್ ಮಾಡಿ ಕಳ್ಸುದ್ರೆ ಆಗಾಕಿಲ್ವಾ?”

ಮೊಬೈಲಲ್ಲಿ! ಸೋಬಾನೆ ಪದವನ್ನು! ಕನ್ನಡ ಮೇಷ್ಟ್ರ ಮನೆಯಲ್ಲಿ! ಮರುದಿನದಿಂದಲೇ ನಮ್ಮ ರಾಗಿಮೂಟೆಯ ಕೋಣೆ ಸ್ಟುಡಿಯೋ ಆಗಲು ಆರಂಭಿಸಿತು. ಮೂಟೆಗಳನ್ನು ಗೋಡೆಗಳಿಗೆ ಆನಿಸಿದೆ. ಬಾಗಿಲಿಗೆ ಕಂಬಳಿ ಕಟ್ಟಿದೆ. ಮೈಕು ತರಿಸಿದೆ. ಬಾಯಿಯ ಗಾಳಿ ನೇರವಾಗಿ ತಾಗದಿರಲೆಂದು ಮೈಕಿನ ಮುಂದೆ ಸುಧಾಳ ಕಸೂತಿ ಬಳೆಗೆ ನನ್ನ ಹಳೆಯ ಪಂಚೆ ಬಿಗಿದು ಪರದೆ ನಿಲ್ಲಿಸಿದೆ. ಜೊತೆಗೆ ಬಂದದ್ದೇ ಪ್ರೀಆಂಪ್ ಎಂಬ ಡಬ್ಬಿ. ಮೈಕಿಗೆ ಬಿದ್ದ ದನಿ ತೀರಾ ಸಣ್ಣದಾಗಿರುತ್ತದೆ. ಅದನ್ನು ಎತ್ತಿ, ಕಂಪ್ಯೂಟರಿಗೆ ಕೇಳುವಷ್ಟು ದೊಡ್ಡದು ಮಾಡುವುದು ಈ ಡಬ್ಬಿಯ ಕೆಲಸ. ಪ್ರೀಆಂಪ್ ಕೆಟ್ಟದಾದರೆ ಹಾಡುವವರ ಜೀವವೇ ಹೋಗುತ್ತದೆ ಎಂದು ನಾನು ನೋಡಿದ ವಿಡಿಯೋಗಳಲ್ಲೆಲ್ಲ ಹೇಳಿದ್ದರು.

ಮೊದಲ ಪರೀಕ್ಷೆಗೆ ನಾನೇ ಮೈಕಿನ ಮುಂದೆ ನಿಂತೆ. “ಹಲೋ, ಹಲೋ! ಹೊಳೆನರಸೀಪುರದ ಹೋಮ್ ಸ್ಟುಡಿಯೋದಿಂದ ಹಾರ್ದಿಕ ಸ್ವಾಗತ!” ಎಂದೆ. ಅದನ್ನು ಹಾಕಿ ಕೇಳಲಿಲ್ಲ. ನನ್ನ ಉಚ್ಚಾರಣೆಗೂ ಪರೀಕ್ಷೆಯೇ? ಯಂತ್ರವನ್ನು ಹಾಗೆಯೇ ಬಿಟ್ಟು ಅತ್ತೆಯವರನ್ನು ಕೂರಿಸಿದೆ. ಅವರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ, ಇದಿನ್ನೂ ಲೆಕ್ಕಕ್ಕಿಲ್ಲ ಅಂದುಕೊಂಡು ನಿರಾಳವಾಗಿ ಹಾಡಿದರು. ಆ ಕಡತಕ್ಕೆ ‘ಟೆಸ್ಟ್’ ಎಂದು ಹೆಸರಿಟ್ಟು ಮರೆತುಬಿಟ್ಟೆ.

ನಿಜವಾದ ರೆಕಾರ್ಡಿಂಗು ಮರುದಿನ. ಪದ ಹೀಗಿತ್ತು:

“ಹಾಲಲ್ಲಿ ಕೈತೊಳೆದು ಹೂವಲ್ಲಿ ಮೈತೊಳೆದು
ಹೇಮವ್ವ ಹಸೆಮಣೆ ಏರವ್ಳೆ, ಸೋಬಾನವೇ.”

ಅತ್ತೆ ಹಾಡಿ ಮುಗಿಸಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಂಬಲಾಗದೆ ಮತ್ತೊಮ್ಮೆ ಕೇಳಿದೆ!

“ಆಲಲ್ಲಿ ಕೈತೊಳೆದು ಊವಲ್ಲಿ ಮೈತೊಳೆದು
ಏಮವ್ವ ಅಸೆಮಣೆ ಏರವ್ಳೆ, ಸೋಬಾನವೇ.”

ಒಂದೇ ಒಂದು ‘ಹ’ ಇಲ್ಲ! ಎದುರು ಕೂತು ಮಾತಾಡುವಾಗ ಅತ್ತೆಯವರ ‘ಹ’ ನನಗೆ ಯಾವತ್ತೂ ಇಲ್ಲವೆನಿಸಿರಲಿಲ್ಲ. ಅಂದಮೇಲೆ ತಪ್ಪು ಯಂತ್ರದ್ದೇ. ತಕ್ಷಣ ನನ್ನೊಳಗಿನ ಭಾಷಾಪಂಡಿತ ಎದ್ದು ನಿಂತ. ‘ಹ’ ಎನ್ನುವುದು ಬರಿಯ ಉಸಿರು. ಏನೋ ಒಂದು ಆ ಉಸಿರನ್ನು ಕುಡಿಯುತ್ತಿದೆ!

ಮೊದಲ ಅನುಮಾನ ಪಂಚೆಯ ಪರದೆಯ ಮೇಲೆ. ಅದನ್ನು ಕಿತ್ತೆಸೆದೆ. ‘ಹ’ ಬರಲಿಲ್ಲ. ‘ಪ’ ಮತ್ತು ‘ಬ’ಗಳು ಮಾತ್ರ ಪಟಾಕಿಯಂತೆ ಸಿಡಿದವು. ಎರಡನೆಯ ಅನುಮಾನ ರಾಗಿಮೂಟೆಗಳ ಮೇಲೆ. ಅವು ಸದ್ದನ್ನು ಹೀರುತ್ತವಂತೆ; ಹೀರುವಾಗ ‘ಹ’ವನ್ನೂ ಹೀರಿಬಿಟ್ಟರೆ? ಅಷ್ಟನ್ನೂ ಎಳೆದು ಅಂಗಳಕ್ಕೆ ಹಾಕಿದೆ. ಸೊಂಟ ಹಿಡಿದುಕೊಂಡಿತು. ಪಕ್ಕದ ಮನೆಯ ಹಸು ಬಂದು ಒಂದು ಮೂಟೆಯ ಬಾಯಿ ಬಿಚ್ಚಿತು. ‘ಹ’ ಮಾತ್ರ ಬರಲಿಲ್ಲ!

“ರಾಗಿ ಓಯ್ತು, ಸೊಂಟ ಓಯ್ತು. ಇನ್ನೇನ್ ಓಗ್ಬೇಕು ಅಂತಿದೀರಾ?” ಎಂದಳು ಸುಧಾ.

ಉಳಿದ ಅಪರಾಧಿ ಒಂದೇ, ಪ್ರೀಆಂಪ್. ಹಾಸನದ ಸೌಂಡ್ ಅಂಗಡಿಯ ಮಾಲೀಕರು ಹುಬ್ಬಳ್ಳಿ ಕಡೆಯವರು, ಬಲು ಒಳ್ಳೆಯವರು. ಬಳಸಿ ನೋಡಿ, ಬೇಡವಾದರೆ ವಾಪಸ್ ಕೊಡಿ ಎಂದು ಒಳಗೆ ಬಲ್ಬು ಉರಿಯುವ ಪ್ರೀಆಂಪ್ ಒಂದನ್ನು ಕೊಟ್ಟರು. ಇದು ದನಿಯನ್ನು ಬೆಚ್ಚಗೆ ಮಾಡುತ್ತದಂತೆ. ಮಾಡಿತು. ಅತ್ತೆಯವರ ದನಿ ಈಗಷ್ಟೇ ಬಾಣಲೆಯಿಂದ ತೆಗೆದ ಕಜ್ಜಾಯದಂತಾಯಿತು. ಆದರೆ ಅದೇ ಆಲು, ಅದೇ ಊವು! ಅಂಗಡಿಗೆ ಫೋನ್ ಮಾಡಿದೆ.

“ಸ್ವಾಮೀ, ನಿಮ್ಮ ಪ್ರೀಆಂಪಿನಲ್ಲಿ ‘ಹ’ ಬರ್ತಿಲ್ಲ!”

“‘ಅ’ ಬರೂದಿಲ್ಲೇನ್ರೀ ಸರ? ಅದ್ಹೆಂಗ ಸಾಧ್ಯ? ‘ಅ’ ಎಲ್ಲಾದ್ರಾಗೂ ಬರತೈತ್ರಿ.”

“‘ಅ’ ಅಲ್ಲ ಸ್ವಾಮೀ, ‘ಹ’! ಹಾಲು, ಹೂವು, ಹಸು! ಅದರ ‘ಹ’!”

“ಸರ, ಫೋನ್ ಲೈನ್ ಸರಿ ಇಲ್ಲನಸ್ತೈತ್ರಿ. ನೀವು ಹೇಳೂ ಎರಡೂ ನನಗ ಒಂದಽ ಕೇಳಾಕತ್ತಾವು.”

ಫೋನ್ ಕೂಡ ‘ಹ’ ತಿನ್ನುತ್ತಿದೆಯಲ್ಲ ಎಂದು ಸಿಟ್ಟು ಬಂತು. ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಬಲ್ಬಿನದನ್ನು ಕೊಟ್ಟು, ಹಾಡುವವರ ಒಂದೊಂದು ಉಸಿರನ್ನೂ ಹಿಡಿಯುತ್ತದೆ ಎಂದು ಹೊಗಳಿಸಿಕೊಂಡ ಇನ್ನೊಂದನ್ನು ತಂದೆ. ಅದು ಅತ್ತೆಯವರ ಉಸಿರು ಹಿಡಿಯಿತು. ಆಕಳಿಕೆ ಹಿಡಿಯಿತು. ಹೊರಗೆ ಸುಧಾ ನನ್ನನ್ನು ಬೈದದ್ದನ್ನೂ ಹಿಡಿಯಿತು! ‘ಹ’ ಮಾತ್ರ ಸಿಗಲಿಲ್ಲ.

ಅರಿಶಿನ ಶಾಸ್ತ್ರ ಹತ್ತಿರ ಬಂತು. ನಾನು ಒಂದೊಂದಾಗಿ ಎಲ್ಲ ಹಾಡುಗಳನ್ನೂ ತಪ್ಪೆಂದು ಅಳಿಸಿಬಿಟ್ಟಿದ್ದೆ. ಕೊನೆಯ ಉಪಾಯವೆಂದು, ಅತ್ತೆಯವರ ಕೈಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿಸಲು ಕೂತೆ. ಅಂಗಡಿಯವರಿಗೆ ಸಾಕ್ಷಿಗಿರಲಿ ಎಂದು ಅದನ್ನೂ ರೆಕಾರ್ಡ್ ಮಾಡಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ಹೇಳಿಸಿದೆ. ಅತ್ತೆ ಪಾಪ, ಬೇಸರಿಸದೆ ಹೇಳಿದರು. ಮಾರನೆಯ ದಿನ ಎದ್ದಾಗ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು! ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

“ನಮ್ಮವ್ವನ್ ಗಂಟ್ಲೇ ತೆಗ್ದ್‌ಬುಟ್ರಲ್ಲಾ!” ಎಂದು ಸುಧಾ ಕಣ್ಣೀರು ಹಾಕಿದಳು. “ನಾಳೆ ಶಾಸ್ತ್ರ. ಆ ಉಡುಗೀಗೆ ಏನಂತ ಏಳ್ಲಿ?”

ಅಷ್ಟರಲ್ಲಿ ಆ ಹುಡುಗಿಯೇ ಅಜ್ಜಿಯ ಕಾಲಿಗೆ ಬೀಳಲು ಚನ್ನರಾಯಪಟ್ಟಣದಿಂದ ಬಂದಿಳಿದಳು. ಅಜ್ಜಿಯ ಗತಿ ನೋಡಿ ಅವಳ ಮುಖ ಸಣ್ಣದಾಯಿತು. ನಾನು ಸಮಜಾಯಿಷಿ ಕೊಡಲು ಹೊರಟೆ. “ನೋಡು ಹೇಮಾ, ನನ್ನ ತಪ್ಪಿಲ್ಲ. ಪ್ರೀಆಂಪ್ ‘ಹ’ ನುಂಗ್ತಿದೆ. ಬೇಕಾದರೆ ನೀನೇ ಕೇಳು” ಎಂದು ಹಿಂದಿನ ದಿನದ ಸಾಕ್ಷಿಯನ್ನು ಸ್ಪೀಕರಿನಲ್ಲಿ ಹಾಕಿದೆ. ನನ್ನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

“ಅತ್ತೆ, ಸರಿಯಾಗಿ ಏಳಿ. ಆಲು!”

“ಆಲು.”

“ಆಲು ಅಲ್ಲ ಅತ್ತೆ, ಆಲು!”

“ಅದ್ನೇ ಅಂದ್ನಲ್ಲಪ್ಪಾ, ಆಲು.”

“ಅಯ್ಯೋ! ನನ್ನ ಬಾಯಿ ನೋಡ್ಕೊಂಡು ಏಳಿ. ಆಲು, ಊವು, ಅಸು!”

“ನೀವೇಳ್ದಂಗೇ ಏಳ್ತಾ ಇವ್ನಿ ಕಣಪ್ಪಾ!”

ಹೇಮ ಮೊದಲು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಆಮೇಲೆ ಅಂಗಳದಿಂದ ವಾಪಸ್ ಒಳಗೆ ಬಂದಿದ್ದ ರಾಗಿಮೂಟೆಯ ಮೇಲೆ ಬಿದ್ದು ನಕ್ಕಳು. ಸುಧಾ ಕಣ್ಣೀರು ಒರೆಸಿಕೊಂಡೇ ನಕ್ಕಳು. ಅತ್ತೆ ಸದ್ದಿಲ್ಲದೆ ನಕ್ಕರು. ನಾನು ಸ್ಪೀಕರನ್ನೇ ನೋಡುತ್ತಾ ನಿಂತೆ. ಇಷ್ಟು ವರ್ಷ ಮಕ್ಕಳ ಉಚ್ಚಾರಣೆಗೆ ಅಂಕ ಕಳೆದವನು ನಾನೇ! ಈ ಕಥೆಯಲ್ಲಿ ಇದುವರೆಗೆ ನನ್ನ ಮಾತುಗಳಲ್ಲಿ ನೀವು ಓದಿದ ‘ಹ’ಗಳೆಲ್ಲ ನಾನು ಆಡಿದೆನೆಂದು ನಂಬಿದ್ದವು. ಇನ್ನು ಮುಂದೆ ಆಡಿದಂತೆಯೇ ಬರೆಯುತ್ತೇನೆ.

“ಏಮಾ, ಎಲ್ಲಾ ಅಳಿಸ್ಬಿಟ್ಟೆನಮ್ಮಾ. ನಿನ್ ಶಾಸ್ತ್ರ ಆಳ್ ಮಾಡ್ಬಿಟ್ಟೆ” ಎಂದೆ.

ಹೇಮ ನಗುವುದನ್ನು ನಿಲ್ಲಿಸಿ ಕಂಪ್ಯೂಟರಿನ ಮುಂದೆ ಕೂತಳು. ತಡಕಾಡಿದಳು. “ಇದೇನ್ ಮಾವ, ‘ಟೆಸ್ಟ್’ ಅಂತ?” ಎಂದು ಒತ್ತಿಯೇಬಿಟ್ಟಳು. ನನ್ನ ಸ್ವಾಗತ ಭಾಷಣವನ್ನು ದಾಟಿಸಿ ಮುಂದಕ್ಕೆ ಎಳೆದಳು. ಅವರೆಕಾಯಿ ಚಟಚಟ ಸಿಪ್ಪೆ ಬಿಡುವ ಸದ್ದು ಬಂತು. ಅದರ ಜೊತೆಗೇ ಅತ್ತೆಯವರ ದನಿ, ಯಾರೂ ತಿದ್ದದ ದನಿ. “ಏಮವ್ವ ಅಸೆಮಣೆ ಏರವ್ಳೆ...”

ಹೇಮಳ ಕಣ್ಣು ತುಂಬಿತ್ತು.

“ಇದೇ ಸಾಕು ಮಾವ. ಅಜ್ಜಿ ನನ್ನ ಉಟ್ಟಿದಾಗಿಂದ ಏಮವ್ವ ಅಂತಾನೇ ಕರ್ದಿರಾದು. ‘ಹೇ...’” ಎಂದು ಕಷ್ಟಪಟ್ಟು ಉಸಿರು ದಬ್ಬಿ, “‘ಹೇಮವ್ವ’ ಅಂತ ಬಂದಿದ್ರೆ ಇನ್ಯಾರನ್ನೋ ಕರ್ದಂಗಿರ್ತಿತ್ತು” ಎಂದಳು.

ಆ ರೆಕಾರ್ಡಿಂಗು ಮೊದಲ ದಿನದ ಡಬ್ಬಿಯದು, ಮೈಕಿನ ಜೊತೆಗೇ ಬಂದ ಬಡಪಾಯಿ ಪ್ರೀಆಂಪಿನದು. ಹೀಗೆ, ಬಹಳ ಆಳವಾದ ಅಧ್ಯಯನದ ನಂತರ, ನಾನು ನನ್ನ ಸ್ಟುಡಿಯೋಗೆ ಪ್ರೀಆಂಪ್ ಆರಿಸಿಕೊಂಡೆ!

ಮರುದಿನ ಚನ್ನರಾಯಪಟ್ಟಣದಲ್ಲಿ ಚಪ್ಪರದ ತುಂಬ ಜನ. ಹೇಮ ಮಣೆಯ ಪಕ್ಕ ನಿಂತಿದ್ದಳು. ನಾನು ಗಂಭೀರವಾಗಿ ಗುಂಡಿ ಒತ್ತಿದೆ. ಮುಂಭಾಗವನ್ನು ಕತ್ತರಿಸಲು ಮರೆತಿದ್ದೆ.

“ಅಲೋ, ಅಲೋ! ಒಳೆನರಸೀಪುರದ ಓಮ್ ಸ್ಟುಡಿಯೋದಿಂದ ಆರ್ದಿಕ ಸ್ವಾಗತ!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಭಕ್ತಿಯಿಂದ ನನ್ನ ಕಡೆ ವಾಲಿ, “ಓಂ ಸ್ಟುಡಿಯೋ! ಎಸ್ರು ಚೆನ್ನಾಗದೆ ಸಾ. ದೇವಸ್ತಾನದ ತಾವೇ ಐತಾ?” ಎಂದರು.

ಅಷ್ಟರಲ್ಲಿ ಅತ್ತೆಯವರ ಪದ ಶುರುವಾಯಿತು. ‘ಏಮವ್ವ’ ಎಂದು ಕರೆದದ್ದೇ ತಡ, ಹೇಮ ಹಸೆಮಣೆಯ ಮೇಲೆ ಕೂತಳು. ಹೆಂಗಸರೆಲ್ಲ ದನಿಗೂಡಿಸಿದರು. ಇಡೀ ಚಪ್ಪರದಲ್ಲಿ ಒಂದು ‘ಹ’ ಇರಲಿಲ್ಲ. ಯಾರಿಗೂ ಅದರ ಕೊರತೆ ಕಾಣಲೂ ಇಲ್ಲ.

ಊರಲ್ಲಿ ಪಕ್ಕದ ಮನೆಯವರು ಅತ್ತೆಯವರ ಮುಂದೆ ವಿಡಿಯೋ ಕಾಲ್ ಹಿಡಿದಿದ್ದರು. ಶಾಸ್ತ್ರ ಮುಗಿದ ಮೇಲೆ ಸುಧಾ ಫೋನನ್ನು ನನ್ನ ಕೈಗೆ ಕೊಟ್ಟಳು. ಅತ್ತೆಯವರ ದನಿ ಚೂರು ಚೂರೇ ಮರಳಿತ್ತು. ಕಣ್ಣು ಒರೆಸಿಕೊಂಡು ಪಿಸುಗುಟ್ಟಿದರು.

“ಚೆನ್ನಾಗ್ ಕೇಳುಸ್ತು ಕಣಪ್ಪಾ. ಅದೇನೋ ಅಕ್ಸರವ ನಿಮ್ ಮಿಸನ್ನು ನುಂಗ್ಬುಟ್ಟದೆ ಅಂತಿದ್ರಲ್ಲ, ಉಗುಳ್ತಾ?”

“ಊಂ ಅತ್ತೆ!” ಎಂದೆ. ಅದರಲ್ಲೂ ‘ಹ’ ಇರಲಿಲ್ಲ!